ಬರ್ನಾರ್ಡ್ ಷಾ: ಕಲಾವಿಮರ್ಶೆ ಮತ್ತು ರಾಜಕೀಯ ವಿಡಂಬನೆಯ ಒಳಸಂಬಂಧ

ಐರಿಷ್ ಲೇಖಕ ಜಾರ್ಜ್ ಬರ್ನಾರ್ಡ್ ಷಾ (1856–1950) ಕನ್ನಡ ಓದುಗರಿಗೆ ಮುಖ್ಯವಾಗಿ ನಾಟಕಕಾರನೆಂದೇ ಪರಿಚಿತ. 1892ರಲ್ಲಿ ಅವನ ಮೊದಲ ನಾಟಕ ರಂಗವೇರುವ ಮುನ್ನ ಅವನು ಲಂಡನ್ನಿನ ಪತ್ರಿಕೆಗಳಲ್ಲಿ ಚಿತ್ರಕಲೆಯ ವಿಮರ್ಶಕನಾಗಿದ್ದನೆಂಬುದು ಜೀವನಚರಿತ್ರೆಯ ಒಂದು ವಿವರವಾಗಿ ಮಾತ್ರ ಉಳಿದುಬಿಡುತ್ತದೆ. ಆದರೆ ಷಾನ ರಾಜಕೀಯ ವಿಡಂಬನೆಯ ಹಿಂದಿರುವ ನೋಟಕ್ರಮವನ್ನು ಅವನ ಕಲಾವಿಮರ್ಶೆಯಲ್ಲಿಯೇ ಗುರುತಿಸಬಹುದು. ಈ ಸಂಬಂಧವನ್ನೂ ಅದರ ಮಿತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಡಬ್ಲಿನ್‌ನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ಬಾಲ್ಯದ ಬಹಳಷ್ಟು ಹೊತ್ತನ್ನು ಕಳೆದ ಷಾ, 1876ರಲ್ಲಿ ಲಂಡನ್ನಿಗೆ ಬಂದನು. 1886ರಲ್ಲಿ ವಿಲಿಯಂ ಆರ್ಚರ್‌ನ ನೆರವಿನಿಂದ ‘ದಿ ವರ್ಲ್ಡ್’ ಪತ್ರಿಕೆಯ ಕಲಾವಿಮರ್ಶಕನಾದನು. ಈ ಅನುಭವದ ಸಾರವು 1895ರಲ್ಲಿ ಪ್ರಕಟವಾಗಿ, 1908ರಲ್ಲಿ ‘ದಿ ಸ್ಯಾನಿಟಿ ಆಫ್ ಆರ್ಟ್’ ಎಂಬ ಹೆಸರಿನ ಪುಸ್ತಕವಾದ ಪ್ರಬಂಧದಲ್ಲಿದೆ. ಮ್ಯಾಕ್ಸ್ ನೋರ್ಡೌ ಎಂಬ ವೈದ್ಯ ಲೇಖಕನು ಆಧುನಿಕ ಕಲೆಯೆಲ್ಲವೂ ಮಾನಸಿಕ ಅವನತಿಯ ಲಕ್ಷಣವೆಂದೂ, ಇಂಪ್ರೆಷನಿಸ್ಟ್ ಚಿತ್ರಗಳಿಗೆ ಕಣ್ಣಿನ ದೋಷವೇ ಕಾರಣವೆಂದೂ ವಾದಿಸಿದ್ದನು. ಷಾ ಇದನ್ನು ನಿರಾಕರಿಸುತ್ತಾನೆ. ಈ ಕಲಾವಿದರು ಬೆಳಕನ್ನೂ ಗಾಳಿಯನ್ನೂ ಹಿಂದಿನವರಿಗಿಂತ ಸೂಕ್ಷ್ಮವಾಗಿ ಗಮನಿಸಿದರು; ಚಿತ್ರಶಾಲೆಯ ರೂಢಿಗೆ ಒಗ್ಗಿದ ಪ್ರೇಕ್ಷಕರಿಗೆ ಅದು ವಿಕಾರವಾಗಿ ಕಂಡಿತು. ಚಳವಳಿಯ ಹೆಸರಿನಲ್ಲಿ ಕಳಪೆ ಅನುಕರಣೆಗಳೂ ಬಂದವೆಂಬುದನ್ನು ಅವನು ಮರೆಮಾಚುವುದಿಲ್ಲ. ದೋಷವಿದ್ದದ್ದು ಕಲಾವಿದನ ಕಣ್ಣಿನಲ್ಲಲ್ಲ, ನೋಡುವವರ ಅಭ್ಯಾಸದಲ್ಲಿ ಎಂಬುದು ಈ ವಾದದ ತಿರುಳು.

ಇದೇ ತಿಳಿವಳಿಕೆಯ ಸಾಮಾಜಿಕ ರೂಪವು 1890ರಲ್ಲಿ ಫೇಬಿಯನ್ ಸೊಸೈಟಿಯಲ್ಲಿ ಉಪನ್ಯಾಸವಾಗಿ ಮಂಡಿತವಾಗಿ, ಮರುವರ್ಷ ಗ್ರಂಥವಾದ ‘ದಿ ಕ್ವಿಂಟೆಸೆನ್ಸ್ ಆಫ್ ಇಬ್ಸೆನಿಸಮ್’ನಲ್ಲಿ ಕಾಣುತ್ತದೆ. ಅಲ್ಲಿ ಷಾ ಸಾವಿರ ಜನರ ಸಮಾಜವೊಂದನ್ನು ಕಲ್ಪಿಸುತ್ತಾನೆ. 700 ಜನ ಇರುವ ಕುಟುಂಬವ್ಯವಸ್ಥೆಯಲ್ಲಿ ತೃಪ್ತರು. 299 ಜನರಿಗೆ ಅದು ಸೋತಿದೆಯೆಂದು ಗೊತ್ತು. ಆದರೆ ಅದನ್ನು ಎದುರಿಸಲಾರದೆ ಸತ್ಯಕ್ಕೆ ಮುಖವಾಡ ತೊಡಿಸಿ, ಅದನ್ನೇ ಆದರ್ಶವೆನ್ನುತ್ತಾರೆ. ಒಬ್ಬನು ಮಾತ್ರ ಮುಖವಾಡವನ್ನು ಮುಖವಾಡವೆಂದೇ ಕರೆಯುತ್ತಾನೆ. ಷಾನ ವಿಡಂಬನೆಯ ಮುಖ್ಯ ಗುರಿ ತೃಪ್ತರಲ್ಲ, ಆದರ್ಶವಾದಿಗಳು ಎಂಬುದು ಇಲ್ಲಿ ಗಮನಾರ್ಹ.

ಯೇಟ್ಸ್‌ನ ಕೋರಿಕೆಯಂತೆ ಐರಿಷ್ ರಂಗಭೂಮಿಗಾಗಿ ರಚಿತವಾಗಿ, 1904ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶಿತವಾದ ‘ಜಾನ್ ಬುಲ್ಸ್ ಅದರ್ ಐಲ್ಯಾಂಡ್’ ನಾಟಕವು ಈ ವಿಧಾನಕ್ಕೆ ಉತ್ತಮ ನಿದರ್ಶನ. ಇಂಗ್ಲಿಷ್ ಎಂಜಿನಿಯರ್ ಬ್ರಾಡ್‌ಬೆಂಟ್, ಅಪ್ಪಟ ಐರಿಷ್‌ನವನೆಂದು ನಂಬಿ ಹ್ಯಾಫಿಗನ್ ಎಂಬುವನಿಗೆ ಮಾರುಹೋಗುತ್ತಾನೆ. ಅವನು ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಬ್ರಾಡ್‌ಬೆಂಟ್ ಕಾಣುವುದು ಐರ್ಲೆಂಡನ್ನಲ್ಲ, ರಂಗಭೂಮಿ ತನಗೆ ಕಲಿಸಿದ ಐರ್ಲೆಂಡಿನ ಚಿತ್ರವನ್ನು. ಆದರೂ ಹಳ್ಳಿಯ ನೆಲವೂ ಚುನಾವಣೆಯ ಉಮೇದುವಾರಿಕೆಯೂ ಅವನ ಪಾಲಾಗುತ್ತವೆ. ತಪ್ಪು ನೋಟವು ಆಳ್ವಿಕೆಗೆ ಅಡ್ಡಿಯಾಗದೆ ಅನುಕೂಲವೇ ಆಗುತ್ತದೆಂಬುದು ನಾಟಕದ ಕಹಿಯಾದ ಒಳನೋಟ.

ಲಂಡನ್ನಿನ ಪ್ರೇಕ್ಷಕರು ತಮ್ಮ ಮೇಲಿನ ಈ ವಿಡಂಬನೆಯನ್ನು ಸಂತೋಷದಿಂದ ಸ್ವೀಕರಿಸಿದರು. ನಗು ಪೆಟ್ಟನ್ನು ಹಗುರಗೊಳಿಸಿತು. ನಾಟಕಕ್ಕೆ ಷಾ ಬರೆದ ‘ರಾಜಕಾರಣಿಗಳಿಗೊಂದು ಮುನ್ನುಡಿ’ಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. 1906ರಲ್ಲಿ ಈಜಿಪ್ಟಿನ ಡೆನ್‌ಷವಾಯ್ ಗ್ರಾಮದಲ್ಲಿ ಬ್ರಿಟಿಷ್ ಅಧಿಕಾರಿಗಳು ಗ್ರಾಮಸ್ಥರ ಪಾರಿವಾಳಗಳನ್ನು ಬೇಟೆಯಾಡಿದ್ದರಿಂದ ಘರ್ಷಣೆಯುಂಟಾಗಿ, ನಾಲ್ವರು ಗ್ರಾಮಸ್ಥರನ್ನು ಗಲ್ಲಿಗೇರಿಸಲಾಯಿತು. ಇತರರಿಗೆ ಛಡಿಯೇಟು ಹಾಗೂ ಸೆರೆವಾಸದ ಶಿಕ್ಷೆಯಾಯಿತು. ಈ ಘಟನೆಯನ್ನು ಷಾ ಮುನ್ನುಡಿಯಲ್ಲಿ ವಿವರವಾಗಿ ನಿರೂಪಿಸುತ್ತಾನೆ. ವ್ಯಂಗ್ಯವು ಇಲ್ಲಿ ಹಾಸ್ಯವಾಗಿ ಕರಗದೆ ದೋಷಾರೋಪಣೆಯಾಗುತ್ತದೆ.

ಈ ನೋಟಕ್ಕೂ ಮಿತಿಯಿತ್ತು. 1931ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಭೇಟಿಯಿತ್ತ ಷಾ ಅದನ್ನು ಬಹುವಾಗಿ ಮೆಚ್ಚಿದನು. 1933ರಲ್ಲಿ, ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದಾಗ, ಅಂತಹ ವರದಿಗಳನ್ನು ಅಲ್ಲಗಳೆದು ‘ಮ್ಯಾಂಚೆಸ್ಟರ್ ಗಾರ್ಡಿಯನ್’ಗೆ ಬರೆದ ಪತ್ರಕ್ಕೆ ಇತರರೊಡನೆ ಸಹಿ ಹಾಕಿದನು. ಅವನದೇ ವರ್ಗೀಕರಣದಂತೆ ನೋಡಿದರೆ, ಇಲ್ಲಿ ಅವನು ನಿಂತದ್ದು 299 ಜನರ ಸಾಲಿನಲ್ಲಿ. ಇದರಿಂದ ಅವನ ಮೊದಲಿನ ಬರಹಗಳ ಬೆಲೆ ಕುಗ್ಗುವುದಿಲ್ಲ. ಅವು ಕೊಡುವ ಅಳತೆಗೋಲನ್ನು ಅವುಗಳ ಕರ್ತೃವಿಗೂ ಅನ್ವಯಿಸುವ ಹೊಣೆ ಅಧ್ಯಯನಕಾರರ ಮೇಲಿದೆ. ಷಾನನ್ನು ಕೇವಲ ಚಮತ್ಕಾರದ ಮಾತುಗಾರನೆಂದು ಬದಿಗಿಡದೆ, ಅವನ ವಿಮರ್ಶೆ, ನಾಟಕ ಮತ್ತು ಮುನ್ನುಡಿಗಳನ್ನು ಒಂದೇ ಚಿಂತನೆಯ ಹಂತಗಳೆಂದು ಓದಿದಾಗ ಈ ಪರೀಕ್ಷೆ ಸಾಧ್ಯವಾಗುತ್ತದೆ.