ಸಾಲಗಾರನೇ ನ್ಯಾಯಾಧೀಶನಾದರೆ?

ಡೋಂಗ್ರಿಯ ನವರೋಜಿ ಹಿಲ್ ಹೆಸರನ್ನು ಮುಂಬಯಿಯವರಾದ ನಾವು ಕೇಳಿದ್ದೇವೆ. ವಾಲ್ಕೇಶ್ವರದ ದೇವಸ್ಥಾನಕ್ಕೂ ಹೋಗಿಬಂದಿದ್ದೇವೆ. ಈ ಎರಡು ಜಾಗಗಳ ಜೊತೆಗೆ ಹದಿನೆಂಟನೆಯ ಶತಮಾನದ ಇಬ್ಬರು ವ್ಯಾಪಾರಿಗಳ ಹೆಸರು ಸೇರಿಕೊಂಡಿದೆ. ಇಬ್ಬರ ಕಥೆಯನ್ನೂ ಜೊತೆಗಿಟ್ಟು ಓದಿದರೆ ಕೋರ್ಟು-ಕಾಯಿದೆ ಅಂದರೇನು ಎಂಬುದು ನನಗೆ ಹೆಚ್ಚು ಸ್ಪಷ್ಟವಾಗುತ್ತದೆ.

ಆಗ ಈ ಊರಿನಲ್ಲಿ ಮಾಲು ಕೊಳ್ಳುವುದು ಈಸ್ಟ್ ಇಂಡಿಯಾ ಕಂಪನಿ, ಸುಂಕ ಎತ್ತುವುದು ಕಂಪನಿ, ಕೋರ್ಟು ನಡೆಸುವುದೂ ಕಂಪನಿಯೇ. ಕಂಪನಿಯೇ ಬಾಕಿ ಉಳಿಸಿಕೊಂಡರೆ ದೂರು ಕೊಡುವುದು ಯಾರ ಹತ್ತಿರ?

ರಾಮ ಕಾಮತಿ ಸಾರಸ್ವತ ವ್ಯಾಪಾರಿ. ಕಂಪನಿಗೆ ಬೇಕಾದವನಾಗಿದ್ದ. 1715ರ ಸುಮಾರಿಗೆ ವಾಲ್ಕೇಶ್ವರದ ಗುಡಿಯನ್ನು ಮತ್ತೆ ಕಟ್ಟಿಸಿದವನು ಈತನೇ. ಗವರ್ನರ್ ಚಾರ್ಲ್ಸ್ ಬೂನನ ಕಾಲದಲ್ಲಿ, 1720ರಲ್ಲಿ, ಈತ ಕಾನ್ಹೋಜಿ ಆಂಗ್ರೆಯ ಜೊತೆ ಒಳಸಂಚು ಮಾಡಿದನೆಂದು ಆರೋಪ ಬಂತು. ಒಂದು ಪತ್ರ ಸಾಕ್ಷಿಯಾಯಿತು. ಆಸ್ತಿ ಜಪ್ತಿಯಾಯಿತು, 1728ರಲ್ಲಿ ಸೆರೆಯಲ್ಲೇ ಸತ್ತ. ಆ ಪತ್ರ ಖೋಟಾ ಎಂಬುದು ಇತಿಹಾಸಕಾರರ ಮತ.

ಇನ್ನೊಬ್ಬ ನವರೋಜಿ ರುಸ್ತುಮ್‌ಜಿ. ತಂದೆ ರುಸ್ತುಮ್ ಮಾಣೆಕ್ ಸೂರತ್ತಿನಲ್ಲಿ ಇಂಗ್ಲಿಷರ ದಲಾಲಿ. ಆತ 1721ರಲ್ಲಿ ತೀರಿಕೊಂಡ ಮೇಲೆ ಲೆಕ್ಕದ ಜಗಳ ಎದ್ದಿತು. ಒಬ್ಬ ಅಣ್ಣ ಸೂರತ್ತಿನಲ್ಲಿ ಬಂಧನದಲ್ಲಿ, ಇನ್ನೊಬ್ಬ ಮುಂಬಯಿಯಲ್ಲಿ. ಕಿರಿಯವನಾದ ನವರೋಜಿ ಏನು ಮಾಡಿದ ನೋಡಿ: ಇಲ್ಲಿ ಅರ್ಜಿ ಗುಜರಾಯಿಸುತ್ತ ಕೂಡಲಿಲ್ಲ, ಹಡಗು ಹತ್ತಿ ಲಂಡನ್ನಿಗೇ ಹೋದ! ಡೈರೆಕ್ಟರುಗಳು ಒಪ್ಪಿ ವ್ಯಾಜ್ಯವನ್ನು ಪಂಚಾಯ್ತಿಗೆ ಹಾಕಿದರು. 1725ರ ಜನವರಿಯಲ್ಲಿ ಪಂಚರು ಸುಮಾರು ಐದೂವರೆ ಲಕ್ಷ ರೂಪಾಯಿ ಈ ಮನೆತನಕ್ಕೆ ಸಲ್ಲಬೇಕೆಂದರು.

ಮರುವರ್ಷ, 1726ರಲ್ಲಿ, ರಾಜನ ಸನ್ನದಿನಿಂದ ಮುಂಬಯಿಗೆ ಮೇಯರ್ ಕೋರ್ಟು ಮಂಜೂರಾಯಿತು. ಒಬ್ಬ ಮೇಯರ್, ಒಂಬತ್ತು ಮಂದಿ ಆಲ್ಡರ್‌ಮನ್ನರು. ಅದರ ಮೇಲೆ ಅಪೀಲು ಗವರ್ನರನ ಕೌನ್ಸಿಲಿಗೆ. ವ್ಯಾಜ್ಯ ಸಾವಿರ ವರಹ ಮೀರಿದರೆ ಇಂಗ್ಲೆಂಡಿನ ರಾಜನವರೆಗೆ. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆಯೇ. ಆದರೆ ಮೊದಲ ಅಪೀಲು ಕೇಳುವವರು ಮತ್ತೆ ಕಂಪನಿಯವರೇ. 1753ರ ಸನ್ನದಿನಲ್ಲಿ, ಇಬ್ಬರು ಭಾರತೀಯರ ನಡುವಿನ ವ್ಯಾಜ್ಯವನ್ನು ಇಬ್ಬರೂ ಒಪ್ಪಿದರೆ ಮಾತ್ರ ಈ ಕೋರ್ಟು ಕೇಳಬೇಕೆಂದಾಯಿತು.

ನವರೋಜಿಯ ಲೆಕ್ಕ ನೋಡಿದವರು ಆ ಜಗಳದಿಂದ ದೂರವಿದ್ದರು. ಕಾಮತಿಯ ಪತ್ರ ನೋಡಿದವರು ಹಾಗಿರಲಿಲ್ಲ. ಲಂಡನ್ನಿಗೆ ಹೋಗುವ ಹಣ, ಹಡಗು, ಧೈರ್ಯ ಇಲ್ಲದ ಸಣ್ಣ ವ್ಯಾಪಾರಿಗಳು ಎಷ್ಟು ಬಾಕಿಯನ್ನು ಸುಮ್ಮನೆ ಬಿಟ್ಟುಕೊಟ್ಟಿರಬೇಕು ಅಂತ ನನಗನ್ನಿಸುತ್ತದೆ. ಅವರ ಹೆಸರಿನ ಗುಡ್ಡ ಈ ಊರಿನಲ್ಲಿಲ್ಲ.