ಹಿಂದಿರುಗಿ ಬರುವ ಬಳೆ: ಘರ್ಷಣೆಯ ಪಾಠಕ್ಕೊಂದು ಚಟುವಟಿಕೆ

‘ಘರ್ಷಣೆಯು ಯಾವಾಗಲೂ ಚಲನೆಯನ್ನು ವಿರೋಧಿಸುತ್ತದೆ.’ 8ನೇ ತರಗತಿಯ ಮಕ್ಕಳ ನೋಟ್‌ಬುಕ್ಕುಗಳಲ್ಲಿ ಈ ವಾಕ್ಯ ಸಾಮಾನ್ಯ. ಆದರೆ ಇದು ಅರ್ಧ ಸತ್ಯ ಮಾತ್ರ. ಹೀಗೆಯೇ ಬಾಯಿಪಾಠ ಮಾಡಿದ ಮಗುವಿಗೆ ಮುಂದೆ ನಡಿಗೆ, ಚಕ್ರ, ಚೆಂಡು ಯಾವುದೂ ಅರ್ಥವಾಗುವುದಿಲ್ಲ. ಇದನ್ನು ತಿದ್ದಲು ಚನ್ನಪಟ್ಟಣದಲ್ಲಿ ಬೋಧನಾಭ್ಯಾಸದ ವೇಳೆ ನಾನು ಬಳಸಿದ ಬೋಧನೋಪಕರಣ ಒಂದು ಮರದ ಬಳೆ. ಅರಗಿನ ಬಣ್ಣದ ಈ ಬಳೆ ಇಲ್ಲಿನ ಆಟಿಕೆ ಅಂಗಡಿಗಳಲ್ಲೇ ಸಿಗುತ್ತದೆ; ಗಾಜಿನ ಬಳೆಯಂತೆ ಒಡೆಯುವ ಭಯವಿಲ್ಲ.

ವಿಧಾನ: ಬಳೆಯನ್ನು ಸಿಮೆಂಟ್ ನೆಲದ ಮೇಲೆ ಚಕ್ರದಂತೆ ನಿಲ್ಲಿಸಿ. ನಿಮ್ಮ ಕಡೆಗಿರುವ ಅಂಚನ್ನು ತೋರುಬೆರಳಿನಿಂದ ಕೆಳಕ್ಕೊತ್ತಿ ಚಿಮ್ಮಿಸಿ. ಬಳೆ ಹಿಮ್ಮುಖವಾಗಿ ತಿರುಗುತ್ತಾ ಮುಂದಕ್ಕೆ ಜಾರುತ್ತದೆ, ಕ್ಷಣಕಾಲ ನಿಲ್ಲುತ್ತದೆ, ಆಮೇಲೆ ನಿಮ್ಮ ಕಡೆಗೇ ಉರುಳಿ ಬರುತ್ತದೆ. ಆಗ ಮಕ್ಕಳನ್ನು ಕೇಳಿ: ‘ಅದನ್ನು ವಾಪಸ್ಸು ತಳ್ಳಿದ್ದು ಯಾರು?’

ವಿವರಣೆ: ಬಳೆ ನೆಲವನ್ನು ಮುಟ್ಟುವ ಬಿಂದುವನ್ನು ಮಾತ್ರ ಗಮನಿಸಬೇಕು. ಹಿಮ್ಮುಖ ತಿರುಗುವಿಕೆಯಲ್ಲಿ ಬಳೆಯ ತಳ ಮುಂದಕ್ಕೆ ಜಾರುತ್ತದೆ. ಆದ್ದರಿಂದ ಘರ್ಷಣೆ ಹಿಂದಕ್ಕೆ ಎಳೆಯುತ್ತದೆ. ಇದರಿಂದ ಮುಂದಿನ ವೇಗವೂ ತಗ್ಗುತ್ತದೆ, ತಿರುಗುವಿಕೆಯೂ ತಗ್ಗುತ್ತದೆ. ಬಳೆ ನಿಂತ ಕ್ಷಣದಲ್ಲಿ ತಿರುಗುವಿಕೆ ಇನ್ನೂ ಉಳಿದಿದ್ದರೆ ತಳ ಜಾರುತ್ತಲೇ ಇರುತ್ತದೆ. ಘರ್ಷಣೆ ಅದೇ ದಿಕ್ಕಿನಲ್ಲಿ ಎಳೆದು ಬಳೆಯನ್ನು ಹಿಂದಕ್ಕೆ ಓಡಿಸುತ್ತದೆ. ಅಂದರೆ ಘರ್ಷಣೆ ವಿರೋಧಿಸುವುದು ಮೇಲ್ಮೈಗಳ ನಡುವಿನ ಜಾರುವಿಕೆಯನ್ನು. ವಸ್ತುವಿನ ಚಲನೆಯನ್ನು ಅದು ಉಂಟುಮಾಡಲೂ ಬಲ್ಲದು.

ಬಳೆಯೇ ಏಕೆ? ಅದರ ದ್ರವ್ಯರಾಶಿಯೆಲ್ಲ ಅಂಚಿನಲ್ಲಿದೆ. ಹಾಗಾಗಿ ಮುಂದಿನ ವೇಗ ಮತ್ತು ತಿರುಗುವಿಕೆಯಿಂದ ಅಂಚಿಗೆ ಬರುವ ವೇಗ ಒಂದೇ ದರದಲ್ಲಿ ಇಳಿಯುತ್ತವೆ. ಆರಂಭದಲ್ಲಿ ಮುಂದಿನ ವೇಗ ಸೆಕೆಂಡಿಗೆ 1 ಮೀಟರ್, ಅಂಚಿನ ವೇಗ 2 ಮೀಟರ್ ಇದ್ದರೆ ಬಳೆ ಖಂಡಿತ ವಾಪಸ್ಸಾಗುತ್ತದೆ. ತುಂಬುಗೋಳದಲ್ಲಿ ಅಂಚಿನ ವೇಗ 2.5 ಪಟ್ಟು ಬೇಗ ಇಳಿಯುವುದರಿಂದ, ಅದೇ ವೇಗದಲ್ಲಿ ಬಿಟ್ಟ ಮರದ ಚೆಂಡು ಮುಂದಕ್ಕೇ ಉರುಳಿಹೋಗುತ್ತದೆ.

ಅನ್ವಯ: ಬಿಡದಿ ಬಳಿಯ ಈಗಲ್‌ಟನ್‌ನಂಥ ಗಾಲ್ಫ್ ಮೈದಾನದಲ್ಲಿ ಕುಳಿಯಾಚೆ ಬಿದ್ದ ಚೆಂಡು ಹಿಂದಕ್ಕೆ ಉರುಳುವುದೂ ಇದೇ ಕಾರಣದಿಂದ. ಚೆಂಡನ್ನು ಕೆಳಗಿನಿಂದ ಮೇಲಕ್ಕೆತ್ತಿ ಹೊಡೆದರೆ ಹೀಗಾಗುತ್ತದೆ ಎಂಬುದು ತಪ್ಪು ಕಲ್ಪನೆ. ಕೋಲಿನ ಮುಖ ಓರೆಯಾಗಿದ್ದು, ಅದಕ್ಕೂ ಚೆಂಡಿಗೂ ನಡುವಿನ ಘರ್ಷಣೆಯೇ ಚೆಂಡನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಮುಖದ ಗೀರುಗಳು ನಡುವೆ ಸಿಗುವ ಹುಲ್ಲು, ನೀರಿಗೆ ದಾರಿ ಮಾಡಿಕೊಟ್ಟು ಹಿಡಿತ ಉಳಿಸುತ್ತವೆ. ಗಾಳಿಯಲ್ಲಿ ಇದೇ ತಿರುಗುವಿಕೆ ಚೆಂಡನ್ನು ಮೇಲಕ್ಕೆತ್ತುತ್ತದೆ. ಅದು ಮ್ಯಾಗ್ನಸ್ ಪರಿಣಾಮ. ಬಳೆಯ ಆಟದಲ್ಲಿ ಅದರ ಪಾತ್ರವಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು.

ಮೌಲ್ಯಮಾಪನ: ನೆಲಕ್ಕೆ ಎಣ್ಣೆ ಸವರಿದರೆ ಬಳೆ ಬೇಗ ವಾಪಸ್ಸಾಗುವುದೇ, ತಡವಾಗಿಯೇ? ‘ತಡವಾಗಿ, ಏಕೆಂದರೆ ಅದನ್ನು ಹಿಂದಕ್ಕೆ ಎಳೆಯುವುದೇ ಘರ್ಷಣೆ’ ಎಂದು ಮಗು ಕಾರಣಸಹಿತ ಹೇಳಿದರೆ ಕಲಿಕಾಫಲ ಸಾಧಿತವಾದಂತೆ.