ಕಡಲತೀರಕ್ಕೆಂದು ಕಾದಿಟ್ಟಿದ್ದ ವಿಷಾನಿಲ

1940ರ ಬೇಸಿಗೆಯಲ್ಲಿ ಬ್ರಿಟನ್ ತನ್ನದೇ ಕಡಲತೀರಗಳ ಮೇಲೆ ಮಸ್ಟರ್ಡ್ ಅನಿಲ ಸುರಿಯಲು ಅಣಿಯಾಗಿತ್ತು. ಡನ್‌ಕರ್ಕ್‌ನಿಂದ 3,38,000ಕ್ಕೂ ಹೆಚ್ಚು ಯೋಧರು ಪಾರಾಗಿ ಬಂದಿದ್ದರೂ ಅವರ ಫಿರಂಗಿ, ಟ್ಯಾಂಕು, ಲಾರಿಗಳಲ್ಲಿ ಬಹುಪಾಲು ಫ್ರಾನ್ಸಿನಲ್ಲೇ ಉಳಿದಿದ್ದವು. ಜರ್ಮನ್ನರು ಇಂಗ್ಲಿಷ್ ಚಾನೆಲ್ ದಾಟಿದರೆ ಅವರನ್ನು ತಡೆಯುವಷ್ಟು ಶಸ್ತ್ರಬಲ ಕೈಯಲ್ಲಿರಲಿಲ್ಲ.

ಜೂನ್ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥ ಜಾನ್ ಡಿಲ್ ಟಿಪ್ಪಣಿಯೊಂದನ್ನು ಮಂಡಿಸಿದರು. ದೋಣಿಯಿಂದ ಇಳಿದ ಸೈನ್ಯ ಮೊದಮೊದಲು ಕಿರಿದಾದ ಮರಳಪಟ್ಟಿಯಲ್ಲಿ ಗೊಂದಲದಲ್ಲಿ ಒತ್ತೊತ್ತಾಗಿ ನಿಂತಿರುತ್ತದೆ. ವಿಷಾನಿಲಕ್ಕೆ ಅದಕ್ಕಿಂತ ಸುಲಭದ ಗುರಿಯಿಲ್ಲ ಎಂಬುದು ಅವರ ವಾದ. ತರ್ಕವೇನೋ ಸರಿಯಾಗಿಯೇ ಇತ್ತು. ಹೆಸರಿಗೆ ಅನಿಲವಾದರೂ ಮಸ್ಟರ್ಡ್ ಎಣ್ಣೆಯಂಥ ದ್ರವ. ಅದು ನೆಲಕ್ಕೂ ಬಟ್ಟೆಗೂ ಅಂಟಿಕೊಂಡು ನಿಲ್ಲುತ್ತದೆ. ಸೋಂಕಿದ ಕೆಲವು ಗಂಟೆಗಳ ಮೇಲೆ ಚರ್ಮ ಬೊಬ್ಬೆಯೇಳುತ್ತದೆ, ಕಣ್ಣು ಊದಿ ಮುಚ್ಚಿಕೊಳ್ಳುತ್ತದೆ, ಶ್ವಾಸನಾಳ ಸುಡುತ್ತದೆ. ಮುಖವಾಡವೊಂದೇ ಇದಕ್ಕೆ ಸಾಲದು. 1917ರಲ್ಲಿ ಈಪ್ರ್ ಬಳಿ ಜರ್ಮನ್ನರು ಇದನ್ನು ಮೊದಲ ಬಾರಿಗೆ ಪ್ರಯೋಗಿಸಿದಾಗಲೇ ಬ್ರಿಟಿಷ್ ಸೈನಿಕರಿಗೆ ಇದರ ಉರಿ ಗೊತ್ತಾಗಿತ್ತು.

ಅಡ್ಡಿಯಾಗಿದ್ದದ್ದು ವಿಷಾನಿಲದ ಬಳಕೆಯನ್ನು ನಿಷೇಧಿಸಿದ್ದ 1925ರ ಜಿನೀವಾ ಒಪ್ಪಂದ. ಶತ್ರು ಮೊದಲು ಬಳಸಿದರೆ ತಾನೂ ಬಳಸುವ ಹಕ್ಕನ್ನು ಬ್ರಿಟನ್ ಉಳಿಸಿಕೊಂಡಿತ್ತೇ ಹೊರತು ತಾನೇ ಮೊದಲಾಗುವ ಹಕ್ಕನ್ನಲ್ಲ. ಕೊಟ್ಟ ಮಾತಿಗೆ ತಪ್ಪಿದರೆ ನೈತಿಕ ಬಲವೇ ಹೋಗುತ್ತದೆ ಎಂದು ಯುದ್ಧ ಕಚೇರಿಯೊಳಗಿನಿಂದಲೇ ವಿರೋಧ ಬಂತು. ಡಿಲ್ ಟಿಪ್ಪಣಿಯನ್ನು ಹಿಂತೆಗೆದುಕೊಂಡರು. ಬಿಡದವರು ಪ್ರಧಾನಿ ಚರ್ಚಿಲ್. ದಾಸ್ತಾನು ತೀರಾ ಕಡಿಮೆಯಿದ್ದುದರಿಂದ ಉತ್ಪಾದನೆ ಹೆಚ್ಚಿಸಲು ಒತ್ತಾಯಿಸಿದರು. ವಿಮಾನಗಳಿಗೆ ಅನಿಲ ಸಿಂಪಡಿಸುವ ತೊಟ್ಟಿಗಳನ್ನು ಜೋಡಿಸಲಾಯಿತು. ತೀರಗಳಲ್ಲಿ ಮಸ್ಟರ್ಡ್ ಸಿಂಪಡಿಸಿಯೇ ತೀರುವ ಇರಾದೆ ತಮಗಿತ್ತು ಎಂದು ಸ್ವದೇಶಿ ಪಡೆಗಳ ದಂಡನಾಯಕರಾಗಿದ್ದ ಅಲನ್ ಬ್ರೂಕ್ ಮುಂದೆ ಮುಚ್ಚುಮರೆಯಿಲ್ಲದೆ ಬರೆದರು.

ದಾಳಿ ಬರಲಿಲ್ಲ. ಆಕಾಶ ಜರ್ಮನ್ನರ ಕೈವಶವಾಗದೆ ಹಿಟ್ಲರ್ ಸೆಪ್ಟೆಂಬರ್ 17ರಂದು ಕಾರ್ಯಾಚರಣೆಯನ್ನು ಮುಂದೂಡಿದ. ಬ್ರಿಟನ್ ಮಾತು ಉಳಿಸಿಕೊಂಡದ್ದರಲ್ಲಿ ಸಂಯಮಕ್ಕಿಂತ ಈ ಮುಂದೂಡಿಕೆಯ ಪಾಲೇ ದೊಡ್ಡದು.

1944ರ ಜೂನ್ 6ರಂದು ಪಾತ್ರಗಳು ಅದಲುಬದಲಾದವು. ನಾರ್ಮಂಡಿಯಲ್ಲಿ ಇಳಿದ ಮಿತ್ರಪಡೆಗಳ ಯೋಧರು ಅನಿಲ ತಡೆಯಲು ರಾಸಾಯನಿಕ ಲೇಪಿಸಿದ ಸಮವಸ್ತ್ರ ತೊಟ್ಟಿದ್ದರು. ಅಲ್ಪ ಪ್ರಮಾಣದ ಅನಿಲವೂ ತಮ್ಮನ್ನು ದಡದಿಂದ ಕೀಳಬಹುದಿತ್ತೆಂದು ಅಮೆರಿಕದ ಸೇನಾಧಿಪತಿ ಒಮರ್ ಬ್ರಾಡ್ಲಿ ಆಮೇಲೆ ನೆನೆದರು. ಅದಕ್ಕಿಂತ ಘೋರವಾದ, ನರಮಂಡಲವನ್ನೇ ಕೆಡಿಸುವ ಟಾಬುನ್ ಜರ್ಮನಿಯ ಬಳಿ ಇತ್ತು. ಆದರೂ ಜರ್ಮನಿ ಅದನ್ನು ಬಳಸಲಿಲ್ಲ. ಆ ಹೊತ್ತಿಗೆ ಮಿತ್ರರ ಬಾಂಬರ್‌ಗಳು ಜರ್ಮನ್ ನಗರಗಳ ಮೇಲೆ ಹಾರಾಡುತ್ತಿದ್ದವು. ಪ್ರತೀಕಾರದ ಭಯ ಒಪ್ಪಂದಕ್ಕಿಂತ ಬಲವಾಗಿತ್ತು.

ಜಿನೀವಾ ಒಪ್ಪಂದ ನಿಷೇಧಿಸಿದ್ದು ಬಳಕೆಯನ್ನಷ್ಟೇ. ತಯಾರಿಕೆ ಮತ್ತು ದಾಸ್ತಾನನ್ನೂ ನಿಷೇಧಿಸುವ ರಾಸಾಯನಿಕ ಅಸ್ತ್ರಗಳ ಒಡಂಬಡಿಕೆ ಜಾರಿಗೆ ಬಂದದ್ದು 1997ರಲ್ಲಿ.